ಮುಖ್ತಾರನ ಕೈಗೆ ಕೊಟ್ಟ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಪರರ ಆಸ್ತಿ ನೋಡಿಕೊಳ್ಳುವ ಮುಖ್ತಾರರು ಇರಲಿಲ್ಲ ಅಂತ ಕಾಣುತ್ತದೆ. ಇದ್ದಿದ್ದರೆ, ಕಟ್ಟಿದ ಮನೆಯನ್ನು ಮುಖ್ತಾರನ ಕೈಗೆ ಕೊಟ್ಟು ನೋಡು ಅಂತ ಮೂರನೆಯದನ್ನೂ ಸೇರಿಸುತ್ತಿದ್ದರು. ಪರವೂರಿನಲ್ಲಿ ಮನೆ ಇದ್ದವರಿಗೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ. ನನಗೆ ಮಾತ್ರ ಹೇಳುವಾಗ ಈಗಲೂ ಮೈಯೆಲ್ಲ ಉರಿಯುತ್ತದೆ.

ಕಲಬುರಗಿಯಲ್ಲಿ ಜಗತ್ ಅನ್ನುವ ಬಡಾವಣೆಯ ಹತ್ತಿರ ನನ್ನದೊಂದು ಮನೆ. ಅಪ್ಪ ನನಗೆ ಉಡಿ ತುಂಬಿ ಕೊಟ್ಟದ್ದು. ಶಹಾಬಾದಿ ಕಲ್ಲಿನ ನೆಲ, ದೊಡ್ಡ ಪಡಸಾಲೆ, ಎರಡು ಕೋಣೆ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ನನ್ನನ್ನು ಕೊಟ್ಟದ್ದು ಮಾತ್ರ ಕಮಲಾಪುರಕ್ಕೆ. ನಸುಕಿನಲ್ಲಿ ಎತ್ತಿನ ಗಾಡಿ ಕಟ್ಟಿ ಹೊರಟರೆ ಕಲಬುರಗಿ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಹೀಗಾಗಿ ಬಾಡಿಗೆದಾರರನ್ನು ಇಡುವುದು, ಬಿಡಿಸುವುದು, ಮುರಿದದ್ದು ಮರಮ್ಮತ್ತು ಮಾಡಿಸುವುದು ಎಲ್ಲ ಒಬ್ಬ ಮುಖ್ತಾರನ ಪಾಲಿಗೆ ಬಿತ್ತು. ಊರಲ್ಲಿಲ್ಲದ ಎಷ್ಟೋ ಮಾಲಕರ ಮನೆಗಳು ಅವನ ಕೈಯಲ್ಲಿದ್ದವು. ಅವನಿಗೆ ಇಬ್ಬರು ಅಳಿಯಂದಿರು. ಒಬ್ಬ ಬಾಡಿಗೆದಾರರನ್ನು ಹುಡುಕುವವನು, ಇನ್ನೊಬ್ಬ ಮರಮ್ಮತ್ತು ನೋಡುವವನು. ಹಾಳು ಮಾಡುವ ಕೆಲಸವನ್ನು ಮಾತ್ರ ಮೂವರೂ ಕೂಡಿ ಮಾಡುತ್ತಿದ್ದರು.

ಅದು ನಿಜಾಮರ ಕಾಲ. ದೊಡ್ಡ ಮನೆತನದ ಹೆಣ್ಣುಮಕ್ಕಳು ಹೊರಗಿನ ಗಂಡಸರ ಎದುರು ಬರಬಾರದು ಅನ್ನುವ ರಿವಾಜು ನಮ್ಮ ಮನೆಯಲ್ಲೂ ಇತ್ತು. ಗಂಡ ತೀರಿಕೊಂಡ ಮೇಲೆ ಅದು ಇನ್ನೂ ಬಿಗಿಯಾಯಿತು. ಮುಖ್ತಾರ ಕಮಲಾಪುರಕ್ಕೆ ಬಂದರೆ ನಾನು ಅಡುಗೆಮನೆಯಲ್ಲಿ, ಅವನು ಹೊರಗಿನ ಕಟ್ಟೆಯ ಮೇಲೆ, ನಡುವೆ ನನ್ನ ಮೈದುನ. ನಾನು ಸಿಟ್ಟಿನಲ್ಲಿ ಹತ್ತು ಮಾತು ಹೇಳಿ ಕಳಿಸಿದರೆ ಮೈದುನ ಹೊರಗೆ ಹೋಗಿ ಒಂದು ಮಾತು ಮೆತ್ತಗೆ ಹೇಳಿ ಬರುತ್ತಿದ್ದ. ಕಳ್ಳ ಬಂದು ಕದ ತಟ್ಟಿದರೂ "ಬರ್ರಿ, ಕೂಡ್ರಿ" ಅನ್ನುವ ಮನುಷ್ಯ ಅವನು.

ಇದನ್ನೆಲ್ಲ ಸಹಿಸಿಕೊಂಡು ಇರುತ್ತಿದ್ದೆನೇನೋ. ಅಷ್ಟರಲ್ಲಿ ಮಗಳು ಎರಡನೆಯ ಸಲ ಬಸುರಾದಳು. ಮೊದಲನೆಯ ಹೆರಿಗೆ ಕಮಲಾಪುರದಲ್ಲಿ ಕಷ್ಟಕ್ಕೆ ಬಂದು, ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಕಲಬುರಗಿಯ ದವಾಖಾನೆಗೆ ಹೊರಟಿದ್ದೆವು. ಮಹಾಗಾಂವ ದಾಟುವುದರೊಳಗೆ ಕೂಸು ಹೋಯಿತು. ಈ ಸಲ ದಿನ ತುಂಬುವ ಮೊದಲೇ ಅವಳನ್ನು ಕಲಬುರಗಿಯ ನನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕು, ದವಾಖಾನೆ ಕೂಗಳತೆಯಲ್ಲಿ ಇರಬೇಕು ಅಂತ ನಿಶ್ಚಯ ಮಾಡಿದೆ. ಮನೆ ಖಾಲಿ ಮಾಡಿಸಿ, ಸರಿಪಡಿಸಿ ಇಡಬೇಕೆಂದು ಮುಖ್ತಾರನಿಗೆ ಹೇಳಿ ಕಳಿಸಿದೆ. ಅದೇನು ದೊಡ್ಡ ಮಾತು, ಆಯಿತೆಂದೇ ತಿಳಿಯಿರಿ ಅಂದನಂತೆ.

ಶಾಂತ ಸ್ವಭಾವದ ಬಾಡಿಗೆದಾರರು

ಮನೆ ಹೇಗಿದೆ, ಯಾರಿದ್ದಾರೆ ನೋಡಿಕೊಂಡು ಬಾ ಅಂತ ಮೊದಲು ಮೈದುನನನ್ನು ಕಳಿಸಿದೆ. ತಿರುಗಿ ಬಂದವನು ಕಾಲು ತೊಳೆದ, ನೀರು ಕುಡಿದ, ಮತ್ತೊಮ್ಮೆ ನೀರು ಕೇಳಿದ. ಬಾಡಿಗೆದಾರರು ಎಂಥವರು ಅಂತ ನಾನೇ ಕೇಳಿದೆ.

"ಭಾಳ ಶಾಂತ ಅದಾರ್ರೀ ವೈನಿ," ಅಂದ. "ಪಡಸಾಲ್ಯಾಗ ಮೆಲಕ ಹಾಕ್ಕೋತ ಮಲಗಿದ್ರು."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು. ಬಾಡಿಗೆದಾರ ಹಾಲು ಮಾರುವವನು. ಅವನ ಸಂಸಾರ ಹಿತ್ತಲಿನ ತಗಡಿನ ಕೆಳಗೆ, ಎಮ್ಮೆಗಳು ನಮ್ಮಪ್ಪನ ಪಡಸಾಲೆಯಲ್ಲಿ. ಕಲ್ಲಿನ ನೆಲ ತೊಳೆಯಲು ಸಲೀಸು ಅಂತ ಮುಖ್ತಾರನ ಅಳಿಯನೇ ಈ ಏರ್ಪಾಡು ಸೂಚಿಸಿದ್ದನಂತೆ. ಒಂದೊಂದು ಕಲ್ಲನ್ನೂ ಕೈಯಿಂದ ಸವರಿ ನೋಡಿ ಆರಿಸಿ ತರಿಸಿದ್ದ ನಮ್ಮಪ್ಪ. ಆ ಕಲ್ಲಿನ ಮೇಲೆ ಸೆಗಣಿ. ನನಗೆ ಅಳು ಬರಬೇಕಾಗಿತ್ತು, ಸಿಟ್ಟು ಬಂತು. ಮುಖ್ತಾರನನ್ನು ಕರೆಸಿದೆ. ಕುಡುಕರು ಬೇಡ, ಜೂಜಾಡುವವರು ಬೇಡ, ಜಗಳಗಂಟರು ಬೇಡ ಅಂತ ಮೊದಲೇ ಹೇಳಿರಲಿಲ್ಲವೇ ಅಂತ ಮೈದುನನ ಕಡೆಯಿಂದ ಕೇಳಿಸಿದೆ.

ಮುಖ್ತಾರನಿಗೆ ಬೇಸರವಾಯಿತು. "ಕುಡಿಯಂಗಿಲ್ಲ, ಇಸ್ಪೀಟ ಆಡಂಗಿಲ್ಲ, ಓಣ್ಯಾಗ ಯಾರ ಕೂಡನೂ ಜಗಳಿಲ್ಲ. ಇನ್ನ ಎಂಥವರು ಬೇಕ್ರೀ ನಿಮ್ಮ ವೈನ್ಯಾರಿಗೆ?"

ಮಾಳಿಗೆಯ ಮಣ್ಣು

ನಮ್ಮ ಕಡೆ ಚಾವಣಿಯೆಂದರೆ ಮಣ್ಣಿನ ಮಾಳಿಗೆ. ಮಳೆಗಾಲದ ಮುಂಚೆ ಹೊಸ ಮಣ್ಣು ಹಾಕಿ, ಬಡಿದು ಗಟ್ಟಿ ಮಾಡದಿದ್ದರೆ ಮೊದಲ ಮಳೆಗೇ ಮನೆಯೊಳಗೆ ಕೊಡಪಾನ ಇಡಬೇಕಾಗುತ್ತದೆ. ಬಸುರಿ ಮಗಳನ್ನು ಸೋರುವ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ? ಎಮ್ಮೆಗಳು ಹೋಗಲಿ ಬಿಡಲಿ, ಮಾಳಿಗೆಗೆ ಮೊದಲು ಮಣ್ಣು ಹಾಕಿಸು ಅಂದೆ. ಕೆಲಸ ಮುಗಿಯಿತು, ಇನ್ನು ಆಕಾಶವೇ ಬಿದ್ದರೂ ಒಂದು ಹನಿ ಒಳಗೆ ಬರುವುದಿಲ್ಲ ಅಂತ ಮುಖ್ತಾರನಿಂದ ಸುದ್ದಿ ಬಂತು. ನಾನೂ ನಂಬಿದೆ. ನಂಬುವುದೊಂದು ರೋಗ.

ಮಳೆ ಹಿಡಿಯಿತು. ಮನೆ ಜರಡಿಯ ಹಾಗೆ ಸೋರುತ್ತಿದೆ ಅಂತ ಹಾಲು ಮಾರುವವನೇ ಕಮಲಾಪುರದ ಸಂತೆಗೆ ಬಂದಾಗ ಹೇಳಿ ಹೋದ. ಎಮ್ಮೆಗಳಿಗೆ ನೆಗಡಿಯಾಗಿದೆಯಂತೆ. ಮೈದುನ ಮತ್ತೆ ಗಾಡಿ ಕಟ್ಟಿಕೊಂಡು ಹೋಗಿ ಮಾಳಿಗೆ ಹತ್ತಿ ನೋಡಿದ. ನಮ್ಮ ಮಾಳಿಗೆಯ ಮೇಲೆ ಹೋದ ವರ್ಷದ ಹುಲ್ಲು ಹಾಗೇ ಇತ್ತು. ಪಕ್ಕದ ಮನೆಯ ಮಾಳಿಗೆ ಮಾತ್ರ ಹೊಸ ಮಣ್ಣು ಬಡಿಸಿಕೊಂಡು ನುಣ್ಣಗೆ ಕೂತಿತ್ತು. ಓಣಿಯಲ್ಲಿ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮುಖ್ತಾರನ ಅಳಿಯ ಕೆಳಗೆ ನಿಂತು ಕೈ ತೋರಿಸಿದ, ಆಳುಗಳು ಏಣಿ ಇದ್ದ ಕಡೆ ಹತ್ತಿದರು. ಪಕ್ಕದ ಮನೆಯವರು ಒಂದು ಮಾತೂ ಆಡದೆ ಆಳುಗಳಿಗೆ ಬೆಲ್ಲದ ಪಾನಕ ಮಾಡಿ ಕೊಟ್ಟರಂತೆ. ಏಕೆ ಕೊಡುವುದಿಲ್ಲ?

ಇದಕ್ಕೆ ಮುಖ್ತಾರ ಸಮಾಧಾನ ಹೇಳಿ ಕಳಿಸಿದ: "ಕೆಲಸ ಅಂತೂ ಚಲೋ ಆಗ್ಯಾದ. ಬೇಕಂದ್ರ ಪಕ್ಕದ ಮನ್ಯಾಗ ಹೋಗಿ ನೋಡ್ಕೋರಿ."

ಖಾಲಿ ಮನೆಗೊಂದು ದೀಪ

ಅಂತೂ ಎಮ್ಮೆಗಳು ತಾವಾಗಿಯೇ ಒಲ್ಲೆವೆಂದು ಹೋದವು. ಮನೆ ಖಾಲಿಯಾಯಿತು ಅಂತ ಸುದ್ದಿ ಬಂದ ದಿನ ನಾನು ಹೋಳಿಗೆ ಮಾಡಿದೆ. ಬಾಣಂತಿಗೆ ಬೇಕಾಗುವ ಅಂಟು, ಉತ್ತತ್ತಿ, ಕೊಬ್ಬರಿ ಎಲ್ಲ ಗಂಟು ಕಟ್ಟಿಟ್ಟೆ. ಮಗಳು ಕೂಸಿನ ಕುಲಾವಿ ಹೊಲಿಯಲು ಕೂತಳು. ಮೊದಲಿನ ಕೂಸು ಹೋದ ಮೇಲೆ ಅವಳು ಸೂಜಿ ಹಿಡಿದದ್ದು ಅದೇ ಮೊದಲು.

ಅಷ್ಟರಲ್ಲಿ ಮುಖ್ತಾರನೇ ಬಂದು ಕಟ್ಟೆಯ ಮೇಲೆ ಕೂತ. ಮನೆಗೆ ಹೊಸಬರನ್ನು ಇಟ್ಟಿದ್ದೇನೆ ಅಂದ. ಒಳಗೆ ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಖಾಲಿ ಇರಲಿ ಅಂತ ಹೇಳಿದ್ದೆವಲ್ಲ ಅಂತ ಮೈದುನ ತನ್ನ ಲೆಕ್ಕದಲ್ಲಿ ಗದರಿಸಿ ಕೇಳಿದ. ಅಂದರೆ ಎರಡು ಸಲ ಕೆಮ್ಮಿ ಕೇಳಿದ.

"ಖಾಲಿನೇ ಅದಲ್ರೀ," ಅಂದ ಮುಖ್ತಾರ. "ಆದ್ರ ಖಾಲಿ ಮನ್ಯಾಗ ಸಂಜಿಗೆ ದೀಪ ಹಚ್ಚಬೇಕು, ಇಲ್ಲಂದ್ರ ಮನಿಗೆ ಚಲೋ ಅಲ್ಲ. ಅದಕ್ಕ ದೀಪ ಹಚ್ಚಾಕಂತ ಒಂದು ಕುಟುಂಬ ಇಟ್ಟೀನಿ. ಮಂದಿ ಹತ್ತು ಅದಾರ, ದೀಪ ತಪ್ಪಂಗಿಲ್ಲ."

ದೀಪ ಹಚ್ಚಲು ಹತ್ತು ಜನ. ನಾನು ಮಜ್ಜಿಗೆ ಕಡೆಯುತ್ತಿದ್ದೆ. ಕಡಗೋಲು ಎತ್ತಿ ಗೋಡೆಗೆ ಬೀಸಿ ಒಗೆದೆ. ಅದು ತಾಮ್ರದ ಕೊಡಕ್ಕೆ ಬಡಿದು ಮನೆಯೆಲ್ಲ ಗಣಗಣ ಅಂದಿತು. ಮುಖ್ತಾರ ಬೆಚ್ಚಿ ಅದೇನು ಸಪ್ಪಳ ಅಂತ ಕೇಳಿದ. ಮೈದುನ, ದೇವರು ಅವನನ್ನು ಚೆನ್ನಾಗಿಟ್ಟಿರಲಿ, ಬೆಕ್ಕು ಅಂದ.

"ಹಸದಿರಬೇಕು," ಅಂದ ಮುಖ್ತಾರ. "ಒಂದೀಟು ಹಾಲು ಹಾಕ್ರಿ ಅದಕ್ಕ."

ಮಾಲಕಿ ಎಂಥವಳು

ಮಗಳ ಸೀಮಂತದ ಕುಬಸ ಮುಗಿಯಿತು. ಇನ್ನು ಕಾಯುವುದು ಸಾಕು ಅಂದೆ. ರಿವಾಜು ಗಿವಾಜು ಕಟ್ಟಿ ಅಟ್ಟಕ್ಕೆ ಒಗೆದು, ಮೈದುನನನ್ನು ಮನೆ ಕಾಯಲು ಬಿಟ್ಟು, ಪಾತ್ರೆ ಹಾಸಿಗೆ ಹೇರಿಕೊಂಡು ಮಗಳ ಜೊತೆ ಗಾಡಿ ಹತ್ತಿದೆ. ಹತ್ತು ಜನರಿರಲಿ, ನೂರು ಜನರಿರಲಿ, ನಾನೇ ಕೈ ಹಿಡಿದು ಹೊರಗೆ ಹಾಕುವವಳಿದ್ದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಹೊಂದಿಸಿಕೊಂಡೆ. ಮಹಾಗಾಂವ ಬಂದಾಗ ಮಾತ್ರ ಬೈಗುಳ ಬಿಟ್ಟು ಮಗಳ ಕೈ ಹಿಡಿದುಕೊಂಡೆ.

ನೋಡಿದರೆ ಮನೆಗೆ ಕೀಲಿ ಹಾಕಿತ್ತು. ಸಾಮಾನಿನ ಗಾಡಿ ನಿಂತದ್ದನ್ನು ಕಂಡು ಓಣಿಯ ತುದಿಯಿಂದ ಒಬ್ಬ ಮನುಷ್ಯ ಕೀಲಿಕೈ ಆಡಿಸುತ್ತ ಓಡಿ ಬಂದ. ದನಿಯಿಂದಲೇ ಗುರುತು ಸಿಕ್ಕಿತು, ಮುಖ್ತಾರ. ನಾನು ಅವನ ದನಿ ವರ್ಷಗಟ್ಟಲೆ ಕೇಳಿದ್ದೆ. ಅವನು ನನ್ನ ಮುಖವನ್ನೂ ನೋಡಿರಲಿಲ್ಲ, ದನಿಯನ್ನೂ ಕೇಳಿರಲಿಲ್ಲ.

"ಕಿರಾಯಿ ಮನಿ ನೋಡಾಕತ್ತೀರೇನ್ರೀ ಅವ್ವಾರ?" ಅಂದ. ಇದ್ದವರು ಮಾಳಿಗೆ ಸೋರುತ್ತದೆಂದು ನಿನ್ನೆಯೇ ಬಿಟ್ಟು ಹೋದರು, ಇಂಥ ಮನೆ ಮತ್ತೆ ಸಿಗುವುದಿಲ್ಲ ಅಂದ.

ದಾರಿಯಲ್ಲಿ ಹೊಂದಿಸಿದ್ದೆಲ್ಲ ನಾಲಿಗೆಯ ತುದಿಗೆ ಬಂತು. ಮಗಳು ಸೆರಗು ಜಗ್ಗಿದಳು. "ಸುಮ್ಕಿರವ್ವ. ಮೊದಲು ಕೀಲಿ ತಗಸು," ಅಂತ ಕಿವಿಯಲ್ಲಿ ಅಂದಳು. ಅವಳು ಅವಳಪ್ಪನ ಮಗಳು, ತಣ್ಣಗೆ ವಿಚಾರ ಮಾಡುತ್ತಾಳೆ. ಬೇಕು, ತೋರಿಸಪ್ಪ ಅಂದೆ.

ನನ್ನ ಮನೆಯನ್ನು ನನಗೇ ತೋರಿಸಿದ. ಬಾವಿ ತೋರಿಸಿದ, ಕಲ್ಲು ತೋರಿಸಿದ. ಮಾಲಕಿ ಬಂದು ಬಿಡಿಸಿದರೆ ಏನು ಗತಿ ಅಂತ ಕೇಳಿದೆ.

"ಆಕಿ ಕಮಲಾಪುರದಾಕಿ. ಮಗಳ ಬಾಣಂತನಕ್ಕ ಮನಿ ಬೇಕಂತ ಹೇಳಿ ಕಳಸಾಕತ್ತಾಳ. ಮನಸಿಗೆ ಹಚ್ಕೋಬ್ಯಾಡ್ರಿ. ನೀವು ಹಾಲು ಉಕ್ಕಿಸಿ ಒಲಿ ಹೂಡ್ರಿ. ಬಸರಿ ಹೆಣ್ಣಮಗಳಿದ್ದ ಮನಿ ಖಾಲಿ ಮಾಡಸೋದು ಯಾರಪ್ಪನ ಕೈಲೂ ಆಗಂಗಿಲ್ಲ."

ಒಬ್ಬ ಬಸುರಿಯ ಮನೆಯನ್ನು ಇನ್ನೊಬ್ಬ ಬಸುರಿಗೆ ಕೊಡುತ್ತಿದ್ದೇನೆಂದು ಗೊತ್ತಿದ್ದೂ ಅವನ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ನಿಜವಾಗಿ ಬೇರೆ ಯಾರಾದರೂ ಆ ಗಾಡಿಯಲ್ಲಿ ಬಂದಿದ್ದರೆ ನನ್ನ ಮಗಳು ಮತ್ತೆ ಅದೇ ಹಾದಿಯಲ್ಲಿ ನೋವು ತಿನ್ನಬೇಕಾಗಿತ್ತು. ಅವನು ಹೇಳಿದ ಹಾಗೆಯೇ ಒಲೆ ಹೂಡಿ ಹಾಲು ಉಕ್ಕಿಸಿದೆ. ಮಾರನೆಯ ದಿನ ಆಳುಗಳನ್ನು ಕರೆದು, ನಾನೇ ಮಾಳಿಗೆ ಹತ್ತಿ ನಿಂತು ಮಣ್ಣು ಹಾಕಿಸಿದೆ.

ಬಾಡಿಗೆ ಕೇಳಲು ಮುಖ್ತಾರ ಬಂದ. ಬಾಡಿಗೆ ಮಾಲಕಿಯ ಕೈಗೇ ಕೊಡುತ್ತೇನೆ ಅಂದೆ. ಮತ್ತೆ ಬಂದ, ಅಳಿಯಂದಿರನ್ನೂ ಕರೆದುಕೊಂಡು. ಆಗ ನಾನು ಬಾಗಿಲಲ್ಲಿ ನಿಂತು, ಮೈದುನನ ಬಾಯಲ್ಲಿ ಹೋಗಿ ಮೆತ್ತಗಾಗುತ್ತಿದ್ದ ಅಷ್ಟು ವರ್ಷದ ಮಾತುಗಳನ್ನೆಲ್ಲ ಬಿಸಿಬಿಸಿಯಾಗಿಯೇ ಬಡಿಸಿದೆ, ಮಾಲಕಿ ನಾನೇ ಅನ್ನುವುದೊಂದನ್ನು ಬಿಟ್ಟು. ಓಣಿಯ ಮಂದಿ ಮಾಳಿಗೆ ಹತ್ತಿ ಕೇಳಿದರು. ಎಷ್ಟೋ ದಿನಗಳ ಮೇಲೆ ಆ ದಿನ ನನಗೆ ಊಟ ರುಚಿಸಿತು.

ಮುಖ್ತಾರ ಸೀದಾ ಕಮಲಾಪುರಕ್ಕೆ ಹೋಗಿ ಮೈದುನನ ಎದುರು ಅತ್ತನಂತೆ. ಒಬ್ಬ ಮುದುಕಿ ಮನೆ ಹೊಕ್ಕು ಕೂತಿದ್ದಾಳೆ, ಬಾಡಿಗೆ ಕೊಡುವುದಿಲ್ಲ, ಬಾಯಿಯೋ ಬೊಂಬಾಯಿ, ಅವಳನ್ನು ಬಿಡಿಸಲು ಮಾಲಕಿಯೇ ಬರಬೇಕು ಅಂದನಂತೆ. ಕೇಳಿ ಹೇಳುತ್ತೇನೆ ಅಂತ ಮೈದುನ ಅವನಿಗೆ ಊಟ ಹಾಕಿ ಕಳಿಸಿದ.

ಅದೇ ವಾರ ಮಗಳಿಗೆ ನೋವು ಬಂತು. ಹೋದ ಸಲದ ಹಾಗೆಯೇ ಕಷ್ಟಕ್ಕೆ ಬಂತು. ಆದರೆ ಈ ಸಲ ದವಾಖಾನೆ ಹತ್ತಿರ ಇತ್ತು. ಹೆಣ್ಣು ಕೂಸು. ಓಣಿಗೆಲ್ಲ ಕೇಳುವ ಹಾಗೆ ಅತ್ತಿತು, ಅಜ್ಜಿಯ ಗಂಟಲು. ಕೂಸನ್ನು ನೋಡಲು ಬಂದ ಮೈದುನ ಮುಖ್ತಾರನ ಸುದ್ದಿಯನ್ನೆಲ್ಲ ಹೇಳಿ, ಈಗ ಏನು ಹೇಳಲಿ ಅಂದ. ಬಾಣಂತಿ ಇದ್ದಾಳೆ, ಇರುವಷ್ಟು ದಿನ ಇರಲಿ ಅಂತ ಮಾಲಕಿ ಹೇಳಿದಳು ಅನ್ನು ಅಂದೆ. ಹೋಗಿ ಹಾಗೆಯೇ ಹೇಳಿ ಬಂದ.

ಮರುದಿನ ಮುಖ್ತಾರ ನನ್ನ ಬಾಗಿಲಿಗೆ ಬಂದು ಎದೆಯುಬ್ಬಿಸಿ ನಿಂತ. ಯಾರೂ ಬಿಡಿಸುವುದಿಲ್ಲ, ಗಟ್ಟಿಯಾಗಿ ಇರಿ, ಮಾಲಕಿಯ ಕಾಲು ಹಿಡಿದು ನಾನೇ ಒಪ್ಪಿಸಿ ಬಂದಿದ್ದೇನೆ ಅಂದ. ನಾನು ತೊಡೆಯ ಮೇಲಿನ ಕೂಸನ್ನು ತಟ್ಟುತ್ತ, ಮಾಲಕಿಯನ್ನು ಕಣ್ಣಾರೆ ಕಂಡಿರಾ ಅಂತ ಕೇಳಿದೆ. ಕಾಣದೆ ಏನು, ಎದುರಿಗೇ ಕೂತು ಮಾತಾಡಿದೆ ಅಂದ. ಎಂಥವಳು ಅಂತ ಕೇಳಿದೆ.

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ನಿಮ್ಮ ಹಂಗ ಅಲ್ರೀ ಅವ್ವಾರ. ಭಾಳ ಶಾಂತ ಹೆಣ್ಣಮಗಳು. ಇಷ್ಟ ವರ್ಷದಾಗ ಒಂದ ಮಾತು ಏರಿಸಿ ಆಡಿಲ್ಲ ನೋಡ್ರಿ."