ನಮ್ಮ ಮನೆಯ ಒಂದೇ ಓಟು

ಯಾವ ಕೆಲಸಕ್ಕೆ ಹೆಚ್ಚು ಹೆದರುತ್ತೇನೋ ಅದರಲ್ಲೇ ನಾನು ಎಡವುವುದು. ಎರಡು ಸಾವಿರದ ಎಂಟರ ಅಧ್ಯಕ್ಷ ಚುನಾವಣೆಯ ವರ್ಷವಂತೂ ಎಡವಿದ್ದೇ ಎಡವಿದ್ದು. ನಾವಾಗ ಅಮೆರಿಕದಲ್ಲಿ, ಡೆಟ್ರಾಯ್ಟ್ ಹತ್ತಿರದ ನೋವೈ ಊರಿನಲ್ಲಿದ್ದೆವು. ನಮ್ಮವರು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಶುಕ್ರವಾರ ಬಂತೆಂದರೆ ಅಲ್ಲಿ ಯಾರಾದರೊಬ್ಬರು ಕೆಲಸ ಕಳೆದುಕೊಂಡು, ರಟ್ಟಿನ ಪೆಟ್ಟಿಗೆ ಹಿಡಿದು ಮನೆಗೆ ಹೋಗುತ್ತಿದ್ದರು. ಮುಂದಿನ ಸರದಿ ಯಾರದೋ ಎಂದು ನನಗೆ ಊಟ ಸೇರುತ್ತಿರಲಿಲ್ಲ. ಯಾರು ಗೆದ್ದರೆ ಕಾರಿನ ಕಂಪನಿಗಳು ಉಳಿದಾವು ಎಂಬುದೊಂದೇ ಚಿಂತೆ.

೧. ಸುಲಭದ ಪ್ರಶ್ನೆ

ಭಾರತದ ಪಾಸ್‌ಪೋರ್ಟ್ ಬಿಡಲು ನಮ್ಮವರಿಗೆ ಮನಸ್ಸಿಲ್ಲ. ಓಟಿನ ಆಸೆಗೆ ನಾನೊಬ್ಬಳೇ ಪೌರತ್ವಕ್ಕೆ ಅರ್ಜಿ ಹಾಕಿದೆ. ಡೆಟ್ರಾಯ್ಟ್‌ನಲ್ಲಿ ಸಂದರ್ಶನ. ಪುಸ್ತಕದ ಪ್ರಶ್ನೆಗಳನ್ನೆಲ್ಲ ಉರು ಹೊಡೆದಿದ್ದೆ. ಅಧಿಕಾರಿ ಕೇಳಿದ್ದು ಎಲ್ಲಕ್ಕಿಂತ ಸುಲಭದ್ದು: "ಈಗಿನ ಅಧ್ಯಕ್ಷರು ಯಾರು?"

ಹೊತ್ತಿಲ್ಲದ ಹೊತ್ತಿನಲ್ಲಿ ಟೀವಿಯಲ್ಲಿ ಅಭ್ಯರ್ಥಿಗಳ ವಾದವನ್ನೇ ನೋಡಿದ್ದ ನಾನು ಅವರಲ್ಲೊಬ್ಬರ ಹೆಸರು ಹೇಳಿಬಿಟ್ಟೆ. ಆತ ಪೆನ್ನು ಕೆಳಗಿಟ್ಟ. ಮಿಕ್ಕ ಪ್ರಶ್ನೆಗಳಿಗೆ ಹೇಗೋ ಸರಿ ಉತ್ತರ ಹೇಳಿ ಪಾಸಾದೆ.

ಎದ್ದು ಬರುವಾಗ ಆತ ಕೈಕುಲುಕಿ ಹೇಳಿದ: "ಅವರು ಆಗಬಹುದು ಮೇಡಂ. ಆದರೆ ನೀವಿನ್ನೂ ಓಟೇ ಹಾಕಿಲ್ಲವಲ್ಲ."

೨. ತಲೆ ಆಡಿಸಿದ್ದು

ಒಂದು ಶನಿವಾರ ಒಂದು ಪಕ್ಷದ ಹುಡುಗಿ ಬಾಗಿಲಿಗೆ ಬಂದು ಆರೋಗ್ಯ ವಿಮೆಯ ಬಗ್ಗೆ ವಿವರಿಸಿದಳು. ನಮ್ಮವರು, ನಮ್ಮ ಕಡೆಯವರ ಹಾಗೆ, ಅತ್ತಿತ್ತ ತಲೆ ಆಡಿಸಿದರು. ಅವಳು ಅದನ್ನೇ ಒಪ್ಪಿಗೆಯೆಂದುಕೊಂಡು ಸಂತೋಷಪಟ್ಟು ನಮ್ಮ ಮನೆ ಮುಂದಿನ ಹುಲ್ಲಿನ ಮೇಲೆ ತನ್ನ ಅಭ್ಯರ್ಥಿಯ ಫಲಕ ನೆಟ್ಟು ಹೋದಳು. ಭಾನುವಾರ ಎದುರು ಪಕ್ಷದವರೊಬ್ಬರು ಬಂದು ತೆರಿಗೆಯ ಬಗ್ಗೆ ಹೇಳಿದರು. ಇವರದ್ದು ಮತ್ತೆ ಅದೇ ತಲೆ. ಪಕ್ಕದಲ್ಲೇ ಇನ್ನೊಂದು ಫಲಕ ಎದ್ದಿತು.

"ಏನ್ರೀ ಇದು? ನಾನು ಯಾರಿಗೆ ಹಾಕ್ಬೇಕು ಅಂತ?"

"ಯಾರಿಗಾದ್ರೂ ಹಾಕು. ನಿನ್ನ ಒಂದು ಓಟಿಂದ ನನ್ನ ಕೆಲಸ ಉಳಿಯುತ್ತಾ?"

ಇಬ್ಬರಿಗೂ ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಪಕ್ಕದ ಮನೆಯ ಅಮೆರಿಕನ್ ಆಂಟಿ ಒಂದು ಕೇಕು ಹಿಡಿದು ಬಂದು, ಎರಡು ಫಲಕಗಳನ್ನೂ ನೋಡಿ, ಮೆಲ್ಲಗೆ ಕೇಳಿದರು: "ಬೇರೆಯಾದ ಮೇಲೆ ಮನೆ ಯಾರಿಗೆ ಅಂತ ತೀರ್ಮಾನ ಆಯ್ತಾ?"

೩. ಶ್ರೀ

ಓಟಿನ ದಿನ ನಮ್ಮವರು ಕಾರಿನಲ್ಲೇ ಕೂತರು. ಒಳಗೆ ಉದ್ದನೆಯ ಸಾಲು. ಕೊನೆಗೂ ಮತಪತ್ರ ಕೈಗೆ ಬಂತು. ಪರೀಕ್ಷೆಯಾಗಲಿ, ಸಾಮಾನಿನ ಪಟ್ಟಿಯಾಗಲಿ, ಮೇಲೆ ಶ್ರೀ ಬರೆಯದೆ ನನ್ನ ಕೈ ಮುಂದೆ ಓಡದು. ನೋಡುತ್ತೇನೆ, ಮತಪತ್ರದ ನೆತ್ತಿಯ ಮೇಲೂ ದುಂಡಗೆ ಶ್ರೀ ಬರೆದುಬಿಟ್ಟಿದ್ದೇನೆ!

ಮನೆಗಿರುವ ಒಂದೇ ಓಟು ಹಾಳಾಯಿತೆಂದು ಅಳುವೇ ಬಂತು. ಕಾಗದವನ್ನು ಮತಗಟ್ಟೆ ಸಿಬ್ಬಂದಿಯ ಮೇಜಿನ ಬಳಿ ಒಯ್ದೆ. ಅಲ್ಲಿದ್ದ ಅಜ್ಜಿ ಕನ್ನಡಕ ಏರಿಸಿ ನೋಡಿದರು.

"ಪಟ್ಟಿಯಲ್ಲಿಲ್ಲದವರ ಹೆಸರು ಬರೆಯಬಹುದು. ಆದರೆ ಅದಕ್ಕೆ ಬೇರೆ ಗೆರೆ ಇದೆ. ಇವರು ಯಾವ ಪಕ್ಷ?"

ದೇವರ ಹೆಸರು ಎಂದೆ. ಅವರು ನಗದೆ ಅದರ ಮೇಲೆ 'ಕೆಟ್ಟಿದೆ' ಎಂದು ಬರೆದು ಎತ್ತಿಟ್ಟು, ಹೊಸ ಮತಪತ್ರ ಕೊಟ್ಟರು. ಈ ಸಲ ಶ್ರೀಯನ್ನು ಅಂಗೈ ಮೇಲೆ ಬೆರಳಲ್ಲೇ ಬರೆದುಕೊಂಡು ಓಟು ಹಾಕಿದೆ.

ಕಾರಿನ ಬಾಗಿಲು ತೆರೆಯುವ ಮೊದಲೇ ಇವರು ಕೇಳಿದರು: "ಬಿತ್ತಾ?"

"ಒಂದು ಬಿತ್ತು. ಒಂದು ಕೆಟ್ಟೋಯ್ತು."

"ಕೆಟ್ಟಿದ್ದು ಯಾರ್ದು?"

"ಲಕ್ಷ್ಮೀದು," ಎಂದು ನಡೆದದ್ದೆಲ್ಲ ಹೇಳಿದೆ.

ಒಂದು ಓಟಿನಿಂದ ಏನಾಗುತ್ತದೆ ಎಂದಿದ್ದ ಮನುಷ್ಯ ಕೀಲಿಯಿಂದ ಕೈ ತೆಗೆದು ಹಣೆ ಬಡಿದುಕೊಂಡರು.

"ಅಯ್ಯೋ, ನನ್ನ ಕೆಲಸ ಉಳಿಸೋ ಕ್ಯಾಂಡಿಡೇಟು ಅವಳೊಬ್ಬಳೇ ಇದ್ದಿದ್ದು ಕಣೆ."