ಭಾಳ ಸೀರಿಯಸ್ ಏನಿಲ್ಲ

ನಮ್ಮ ಕಡೆ ಫೋನಿನಲ್ಲಿ ಯಾರೂ ಸಾಯುವುದಿಲ್ಲ. ಮನೆಯಲ್ಲಿ ಸಾಯುತ್ತಾರೆ, ದವಾಖಾನೆಯಲ್ಲಿ ಸಾಯುತ್ತಾರೆ, ಹೊಲದ ಬದುವಿನ ಮೇಲೆ ಕುಳಿತಲ್ಲೇ ಹೋದವರೂ ಇದ್ದಾರೆ. ಆದರೆ ಫೋನಿನಲ್ಲಿ ಮಾತ್ರ ಎಲ್ಲರಿಗೂ ಜೀವ ಇರುತ್ತದೆ. "ಅರಾಮ ಇಲ್ಲ, ಒಮ್ಮೆ ಬಂದು ಹೋಗು" ಎಂದರೆ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿಯಬೇಕು. "ಭಾಳ ಸೀರಿಯಸ್ ಐತಿ, ಇದ್ದಂಗ ಹೊಂಟು ಬಾ" ಎಂದರೆ ಅಂಗಳದಲ್ಲಿ ಆಗಲೇ ಬಾಡಿಗೆ ಕುರ್ಚಿ ಹಾಕಿದ್ದಾರೆ ಎಂದು ತಿಳಿಯಬೇಕು. ಈ ವಿದ್ಯೆಯನ್ನು ನಾನು ಕಲಿತದ್ದು ನಮ್ಮಜ್ಜಿಯಿಂದ. "ಹಾದ್ಯಾಗ ಒಬ್ಬಾಕಿನ ಎದಿ ಒಡಕೊಂಡ್ರ ಹಿಡಿಯಾವ್ರು ಯಾರು? ಮನಿಗೆ ಬಂದು ಅಳಲಿ, ಹಿಡಿಯಾಕ ಹತ್ತು ಕೈ ಇರ್ತಾವು" ಎನ್ನುತ್ತಿದ್ದಳು. ಅಜ್ಜಿಯ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅರಾಮ ಇಲ್ಲದ್ದಕ್ಕೂ ಸೀರಿಯಸ್ಸಿಗೂ ಸಾವಿಗೂ ಒಂದೇ ಟಿಕೀಟು. ವಿಮಾನ ಹಾಗಲ್ಲ. ನಿನಗೆ ಎಷ್ಟು ಅವಸರ ಎಂದು ಮೊದಲು ಕೇಳುತ್ತದೆ, ಆಮೇಲೆ ಬೆಲೆ ಹೇಳುತ್ತದೆ.

ಇನ್ನೊಂದು ಮಾತನ್ನೂ ನಾನೇ ಹೇಳಿಬಿಡುತ್ತೇನೆ, ಹೇಗೂ ಬೇರೆಯವರಿಂದ ನಿಮಗೆ ಗೊತ್ತಾಗುತ್ತದೆ. ನನಗೆ ಬಾಯಿ ದೊಡ್ಡದು, ಕೈ ಸಣ್ಣದು. ಉದ್ಯಮಬಾಗದ ನಮ್ಮ ಕಾರ್ಖಾನೆಯ ಗೇಟಿನೆದುರು ಚಹಾ ಕುಡಿದು ರೊಕ್ಕ ಕೊಡುವ ಹೊತ್ತಾದರೆ ಸಾಕು, ನಾನು ಬಗ್ಗಿ ಬೂಟಿನ ಲೇಸು ಕಟ್ಟಲು ಶುರುಮಾಡುತ್ತೇನೆ ಎಂದು ಗೆಳೆಯರು ಹೇಳಿಕೊಂಡು ತಿರುಗುತ್ತಾರೆ. ಇದು ಶುದ್ಧ ಸುಳ್ಳು. ನಾನು ಹಾಕುವುದು ಚಪ್ಪಲಿ. ಬಗ್ಗುವುದು ಮಾತ್ರ ಖರೇ.

ಖಾನಾಪುರದಲ್ಲಿದ್ದ ನಮ್ಮ ದೊಡ್ಡಪ್ಪ ಒಂದು ಮುಂಜಾನೆ ಚಹಾ ಕುಡಿದು, ಇನ್ನರ್ಧ ಕಪ್ಪು ಬೇಕೆಂದು ಕೇಳಿ, ಅದು ಬರುವಷ್ಟರಲ್ಲಿ ಹೋಗಿಬಿಟ್ಟ. ಬೆಳಗಾವಿಯ ಖಾಸಬಾಗದ ನಮ್ಮ ಮನೆಯಿಂದ ನಾನೂ ಹೆಂಡತಿಯೂ ಓಡಿದೆವು. ದೊಡ್ಡಪ್ಪನಿಗೆ ಒಬ್ಬಳೇ ತಂಗಿ, ನಮ್ಮ ಗಂಗತ್ತೆ. ಅದೇ ಊರಿನಲ್ಲಿ ಎರಡು ಓಣಿ ಆಚೆ ಅವಳ ಮನೆ. ದಿನಾ ಸಂಜೆ ಬಂದು ಅಣ್ಣನ ಕಟ್ಟೆಯ ಮೇಲೆ ಕುಳಿತು ಜಗಳಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ಅಂಥವಳು ಆಗ ಮಗಳ ಬಾಣಂತನಕ್ಕೆಂದು ಜೈಪುರದಲ್ಲಿದ್ದಳು. ಸುದ್ದಿ ಮುಟ್ಟಿಸುವ ಕೆಲಸ ಯಾರಿಗೆ ಎಂಬ ಮಾತು ಬಂದಾಗ ಎಲ್ಲರೂ ನನ್ನನ್ನೇ ನೋಡಿದರು. "ಮಲ್ಲ್ಯಾ, ನೀ ಮಾತಿನಾಗ ಶ್ಯಾಣ್ಯಾ ಅದಿ. ನೀನ ಹಚ್ಚು ಫೋನು."

ಹಚ್ಚಿದೆ. "ಅತ್ತೀ, ದೊಡ್ಡಪ್ಪಗ ಒಂದೀಟು ಅರಾಮ ಇಲ್ಲ. ಬಂದು ಹೋಗತಿಯೇನು?"

"ಏನಾಗೇತೋ? ಮೊನ್ನೆರ ಮಾತಾಡೀನಿ. ಇಲ್ಲೆ ಒಂಟೆ ನೋಡಿದೆ ಅಣ್ಣಾ ಅಂದ್ರ, ಅದರ ಮಾರಿನೂ ನಿನ್ನಂಗ ಐತೇನು ಅಂದ."

ಅವಳು ನಕ್ಕಳು. ಅವಳ ಹತ್ತಿರವೇ ಕೂಸು ಅಳುವುದು ಕೇಳುತ್ತಿತ್ತು. ಅಜ್ಜಿ ಕಲಿಸಿದ ಎರಡನೆಯ ವಾಕ್ಯ ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ನಗು, ಆ ಅಳು ಎರಡೂ ಒಟ್ಟಿಗೆ ಕಿವಿಗೆ ಬಿದ್ದದ್ದೇ ತಡ, ನಾನು ಹೇಳಿದ್ದು ಬೇರೆ: "ಭಾಳ ಸೀರಿಯಸ್ ಏನಿಲ್ಲ."

ನಮ್ಮ ಊರಿನ ಚರಿತ್ರೆಯಲ್ಲಿ ಸತ್ತವರ ಬಗ್ಗೆ ಹೀಗೆ ಹೇಳಿದವನು ನಾನೊಬ್ಬನೇ ಇರಬೇಕು.

"ಹಂಗಾರ ತಡಿ, ಅಳಿಯ ಟಿಕೀಟು ನೋಡ್ತಾನ" ಎಂದಳು. ಸ್ವಲ್ಪ ಹೊತ್ತಿಗೆ, "ಅಯ್ಯ ನಮ್ಮಪ್ಪಾ! ಇವತ್ತಿಂದು ಕೇಳಿದ್ರ ಎದಿ ಝಲ್ ಅಂತೈತಿ. ಶನಿವಾರ ಅರ್ಧಕ್ಕರ್ಧ ಐತಿ ನೋಡು. ಶನಿವಾರ ಬರ್ತೀನಿ. ಉಳಿದ ರೊಕ್ಕದಾಗ ಅಣ್ಣಗ ಒಂದು ರಜಾಯಿ ತರ್ತೀನಿ. ಇಲ್ಲಿ ರಜಾಯಿ ಹತ್ತಿಯಂಗ ಹಗೂರ ಇರ್ತಾವು, ಬೆಚ್ಚಗ ಇರ್ತಾವು" ಎಂದಳು.

ಈಗ ನನ್ನ ಪರಿಸ್ಥಿತಿ ನೋಡಿ. ಅಂಗಳದಲ್ಲಿ ದೊಡ್ಡಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿ ಮಾಲೆ ಹಾಕುತ್ತಿದ್ದಾರೆ. ಹಿತ್ತಲಲ್ಲಿ ನಿಂತು ನಾನು, ತುಟ್ಟಿ ಟಿಕೀಟಿನ ಮಹಿಮೆಯನ್ನು ವರ್ಣಿಸುತ್ತಿದ್ದೇನೆ. ಶನಿವಾರ ಮಳೆ ಬರುತ್ತದೆ ಎಂದೆ. ಶನಿವಾರದ ವಿಮಾನಗಳೇ ಸಣ್ಣವು, ಬಹಳ ಕುಲುಕುತ್ತವೆ ಎಂದೆ. "ಮಲ್ಲ್ಯಾ, ನೀ ಯಾವಾಗಿಂದ ತುಟ್ಟಿ ಸಾಮಾನು ಛಲೋ ಅನ್ನಾಕ ಹತ್ತಿದಿ?" ಎಂದು ಕೇಳಿದಳು. ಕೂಸಿಗೆ ಎಣ್ಣೆ ಹಚ್ಚುವ ಹೊತ್ತಾಯಿತೆಂದು ಫೋನು ಇಟ್ಟಳು.

ನಾನು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಟಿಕೀಟು ಮಾಡಿಸಿಕೊಡುವ ಇಮಾಮ್‌ಭಾಯ್‌ಗೆ ಫೋನು ಹಚ್ಚಿದೆ. ಸಾವಿನ ಮನೆಗೆ ಹೋಗುವವರಿಗೆ ದರದಲ್ಲಿ ಏನಾದರೂ ರಿಯಾಯಿತಿ ಇದೆಯೇ ಎಂದು ಕೇಳಿದೆ. "ಮುದುಕರಿಗೆ ಐತ್ರಿ, ಮಿಲಿಟರಿಯವರಿಗೆ ಐತಿ, ಸಾಲಿ ಹುಡುಗರಿಗೆ ಐತಿ. ಇದಕ್ಕ ಮಾತ್ರ ನಾ ಎಲ್ಲೂ ಕಂಡಿಲ್ರಿ. ಸಂಜಿಗೆ ಬೆಳಗಾವಿಗೆ ಮುಟ್ಟೂ ಸೀಟು ಎರಡ ಉಳದಾವು, ಲಗೂ ಹೇಳ್ರಿ ಸಾಹೇಬ್ರ" ಎಂದರು. ಮೊದಲ ಸಲ ಅವರು ಹೇಳಿದ ದರ ಒಂದು ಎಮ್ಮೆಕರುವಿನ ಬೆಲೆಯಷ್ಟಿತ್ತು. ನಾನು ಅತ್ತೆಗೆ ಮತ್ತೆ ಫೋನು ಹಚ್ಚಿ, ಮತ್ತೆ ಮಳೆಯ ಮಾತಾಡಿ, ತಿರುಗಿ ಇಮಾಮ್‌ಭಾಯ್ ಹತ್ತಿರ ಬರುವಷ್ಟರಲ್ಲಿ ಕರು ಬೆಳೆದು ಎಮ್ಮೆಯಾಗಿತ್ತು. ಮೂರನೆಯ ಸಲಕ್ಕೆ ಎಮ್ಮೆಯೂ ಇರಲಿಲ್ಲ. "ಹೋದೂವ್ರಿ ಎರಡೂ. ಇನ್ನ ಗೋವಾಕ್ಕ ರಾತ್ರಿ ಒಂದ ಐತಿ. ಅಲ್ಲಿಂದ ಕಾರು ಮಾಡಿಕೊಂಡು ಘಾಟಿ ಹತ್ತಿ ಬಂದ್ರ ಮುಂಜಾನಿ ಖಾನಾಪುರ ಮುಟ್ತಾರ."

ಆಗ ನಾನು, ಜೀವಮಾನದಲ್ಲಿ ಮೊದಲ ಸಲ, ಆ ಮಾತನ್ನು ಹೇಳಿದೆ. "ಅತ್ತೀ, ರೊಕ್ಕದ ಚಿಂತಿ ಬ್ಯಾಡ. ಇವತ್ತಿನ ಟಿಕೀಟು ನಾ ತಗಸ್ತೀನಿ. ಕಾರಿಂದೂ ನಾನ ಕೊಡ್ತೀನಿ."

ಅವಳು ಶನಿವಾರದ ಮಾತನ್ನೂ ರಜಾಯಿಯ ಮಾತನ್ನೂ ಮತ್ತೆ ಎತ್ತಲಿಲ್ಲ. "ಹೂಂ. ತಗಸು" ಎಂದಳು, ಅಷ್ಟೇ. ಅಂತೂ ನನ್ನ ಮಾತು ಗೆದ್ದಿತು ಎಂದು ನಾನು ನನ್ನನ್ನೇ ಮೆಚ್ಚಿಕೊಂಡೆ.

ಅಂಗಳಕ್ಕೆ ಬಂದರೆ ಓಣಿಯ ಹಿರಿಯ ಪಾಂಡುಕಾಕಾ ಕೇಳಿದರು: "ಗಂಗವ್ವ ಏನಂದ್ಳೋ? ಕಾಯ್ರಿ ಅಂದಾಳೇನು? ಆಕಿ ಅಂದ್ರ ಐಸ್ ಗಡ್ಡಿ ತರಸೂಣು, ನಾಳಿ ಮುಂಜಾನಿ ತನಕ ಇಡೂಣು. ಒಬ್ಬಾಕಿ ತಂಗಿ."

"ಇಲ್ಲ ಕಾಕಾ, ಅಂದಿಲ್ಲ."

ಅದು ನಿಜವೇ. ಅಂದಿರಲಿಲ್ಲ. ಅಣ್ಣ ಹೋದ ಎಂದು ಹೇಳಿದ್ದರಲ್ಲವೇ ಕಾಯಿರಿ ಎನ್ನುವುದಕ್ಕೆ? ಇನ್ನೊಂದು ಸಲ ಫೋನು ಹಚ್ಚಿ ಎರಡೇ ಮಾತು ಹೇಳಿದ್ದರೆ ಸಾಕಾಗಿತ್ತು. ಫೋನು ಕೈಯಲ್ಲೇ ಇತ್ತು. ಕಾಕಾ ಮುಗಿಲು ನೋಡಿ, "ಹಂಗಾರ ಹೊತ್ತು ಮುಳುಗೂದ್ರಾಗ ಎತ್ತೂಣು" ಎಂದರು. ಸಂಜೆಯೊಳಗೆ ಮಣ್ಣು ಮುಗಿಯಿತು.

ಮರುದಿನ ಮುಂಜಾನೆ ಅತ್ತೆ ಕಾರಿನಿಂದ ಇಳಿದಾಗ ಅಂಗಳದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅವಳು ಕುರ್ಚಿಗಳನ್ನು ನೋಡಿದಳು, ಕಟ್ಟೆಯನ್ನು ನೋಡಿದಳು, ಅಲ್ಲೇ ಕುಸಿದಳು. ಅಜ್ಜಿ ಹೇಳಿದಂತೆ ಹಿಡಿಯಲು ಹತ್ತು ಕೈ ಬಂದವು. ಅವುಗಳಲ್ಲಿ ನನ್ನವು ಇರಲಿಲ್ಲ. ನಾನು ಕಾರಿನವನಿಗೆ ಬಾಡಿಗೆ ಕೊಡುತ್ತಿದ್ದೆ. ಚೌಕಾಸಿ ಮಾಡದೆ ಕೊಟ್ಟೆ. ಅವಳ ಮುಖ ನೋಡುವುದಕ್ಕಿಂತ ಅದು ಸುಲಭವಾಗಿತ್ತು.

ಮೂರನೆಯ ದಿನ ಕಟ್ಟೆಯ ಮೇಲೆ ಕುಳಿತು ಅವಳೇ ಮಾತು ತೆಗೆದಳು. "ನೀ ಟಿಕೀಟು ತಗಸ್ತೀನಿ ಅಂದಿ ನೋಡು, ಆವಾಗ ತಿಳೀತು ನನಗ ಅಣ್ಣ ಹೋದ ಅಂತ. ಒಂದು ಚಹಾ ಕುಡಿಸಿದಾಂವ ಅಲ್ಲ ನೀ, ವಿಮಾನ ಹತ್ತಸ್ತಿಯೇನು?"

"ಮತ್ತ ಕೇಳಬೇಕಿತ್ತಲ್ಲ ಅತ್ತೀ?"

"ಕೇಳಿದ್ರ ನೀ ಹೂಂ ಅಂತಿದ್ದಿ. ಅದನ್ನ ಕೇಳೂ ಧೈರ್ಯ ಆಗಲಿಲ್ಲೋ. ನೀನ ಹೇಳ್ತಿ, ಈಗ ಹೇಳ್ತಿ ಅಂತ ಕುಂತೆ. ಹೇಳಿದ್ರ ಕಾಯ್ರಿ ಅಂತಿದ್ನಿ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಮುಂದುವರಿಸಿದಳು: "ವಿಮಾನದಾಗ ಬಾಜೂಕ ಕುಂತಾಕಿ ಎಲ್ಲಿ ಹೊಂಟೀರಿ ಅಂದ್ಳು. ಅಣ್ಣಗ ಅರಾಮ ಇಲ್ಲ ಅಂದೆ. ಅಳಾಕೂ ಬರಾಂಗಿಲ್ಲ. ಇನ್ನ ಯಾರೂ ಸತ್ತ ಇಲ್ಲಲ್ಲ!"

ಊರಿಗೆಲ್ಲ ಮಾತು ಹಂಚುವವನಿಗೆ ಮನೆಗೆ ಬೇಕಾದ ಎರಡು ಮಾತು ಸಿಗಲಿಲ್ಲ. ನನ್ನ ಕಂಜೂಸತನವೇ ನನ್ನ ಬದಲಿಗೆ ಸುದ್ದಿ ಹೇಳಿತು, ಅದೂ ತಡವಾಗಿ.

ಕಳೆದ ವಾರ ಖಾಸಬಾಗದ ಸಂತೆಯಲ್ಲಿ ಹೆಂಡತಿಯ ಜೊತೆ ಚಹಾ ಕುಡಿದೆ. ಬದಲಾಗಬೇಕು ಎಂದು ಯೋಚಿಸುತ್ತಲೇ ಇದ್ದೆನಲ್ಲ, ಕಿಸೆಗೆ ಕೈ ಹಾಕಿ ರೊಕ್ಕ ತೆಗೆದೆ. ಅವಳ ಮುಖ ಬಿಳಚಿಕೊಂಡಿತು. "ಯಾರು ಹೋದ್ರು? ಖರೇ ಹೇಳ್ರಿ!" ಎಂದಳು. ಯಾರೂ ಇಲ್ಲ ಎಂದರೆ ನಂಬಲಿಲ್ಲ. ಅಲ್ಲೇ ನಿಂತು ಗಂಗತ್ತೆಗೆ ಫೋನು ಹಚ್ಚಿ, ನಾನು ರೊಕ್ಕ ತೆಗೆದ ಸಂಗತಿ ಹೇಳಿದಳು. "ನಾ ಅದೀನವಾ. ಮೊದಲ ಅವನ ಕೈಯಾಗಿಂದು ಒಳಗ ಇಡಸು, ಅಂಜಿಕಿ ಬರ್ತೈತಿ" ಎಂದಳಂತೆ ಅತ್ತೆ.

ಇಟ್ಟೆ. ಚಹಾದ ರೊಕ್ಕ ಹೆಂಡತಿಯೇ ಕೊಟ್ಟಳು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಂಡೆ.