ಅಡ್ಜಸ್ಟ್ ಬಿಟ್ಟ ಭಾನುವಾರ

ಇಂಗ್ಲಿಷನ್ನು ಕೊಪ್ಪ ತಾಲೂಕಿನಿಂದ ಒಂದೊಂದೇ ಪದವಾಗಿ ಓಡಿಸಬೇಕೆಂದು ನಾನು ತೀರ್ಮಾನಿಸಿದ್ದು 2003ರ ರಾಜ್ಯೋತ್ಸವದ ದಿನ. ಮೊದಲು ಓಡಬೇಕಾದ ಪದ, ಅಡ್ಜಸ್ಟ್!

ಕನ್ನಡ ಸಂಘದ ವೇದಿಕೆ ಹತ್ತಿ, ಹಳದಿ-ಕೆಂಪು ಶಾಲು ಹೊದ್ದು, ಮೈಕೇ ಬೆಚ್ಚುವ ಹಾಗೆ ಗುಡುಗಿದೆ. ಬಸ್ಸಿನಲ್ಲಿ ಜಾಗ ಬೇಕಾದರೆ ಅಡ್ಜಸ್ಟ್. ಆಫೀಸಿನಲ್ಲಿ ರಜೆ ಬೇಕಾದರೆ ಅಡ್ಜಸ್ಟ್. ಟಿ.ವಿ.ಯಲ್ಲಿ ಚಿತ್ರ ಕುಣಿದರೆ ಆಂಟೆನಾ ಅಡ್ಜಸ್ಟ್. ಸಾರಿಗೆ ಉಪ್ಪು ಮರೆತವಳೂ ಅದನ್ನೇ ಹೇಳುತ್ತಾಳೆ, ಉದ್ದದ ಹುಡುಗಿಗೆ ಗಿಡ್ಡ ಗಂಡು ತೋರಿಸುವವನೂ ಅದನ್ನೇ ಹೇಳುತ್ತಾನೆ. ನಾನು ಎಣಿಸಿದಂತೆ ಈ ಪದಕ್ಕೆ ಹನ್ನೊಂದು ಅರ್ಥ. ಹನ್ನೊಂದಕ್ಕೂ ನಮ್ಮಲ್ಲಿ ಅಚ್ಚ ಕನ್ನಡದ ಮಾತುಂಟು! ಇಂದಿನಿಂದ ನನ್ನ ನಾಲಿಗೆಯಲ್ಲಿ ಆ ಪದ ಬಾರದು!

ಸಭೆ ಚಪ್ಪಾಳೆ ಹೊಡೆಯಿತು. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ದೇವಕಿ ಮಾತ್ರ ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬಲೆಗೆ ಬಿದ್ದ ಮೀನನ್ನು ನೋಡುವ ನೋಟ ಅದು.

ಕಾರಣ, ನನ್ನ ಅಜ್ಜನ ಆರಾಮ ಕುರ್ಚಿ. ಕೈಗಳು ಎಷ್ಟು ಉದ್ದವೆಂದರೆ ಅವುಗಳ ಮೇಲೆ ಕಾಲು ಚಾಚಿ ಮಲಗಬಹುದು. ನಮ್ಮ ನಡುಮನೆಯ ಅರ್ಧ ಅದರದ್ದೇ ಸಾಮ್ರಾಜ್ಯ. ದಿನಕ್ಕೆರಡು ಸಲ ದೇವಕಿಯ ಮೊಣಕಾಲು ಅದಕ್ಕೆ ಬಡಿಯುತ್ತದೆ. ಅಟ್ಟಕ್ಕೆ ಹಾಕಿ ಎಂದು ಅವಳು, ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಎಂದು ನಾನು. ಹದಿನೈದು ವರ್ಷ ನಮ್ಮ ದಾಂಪತ್ಯ ನಡೆದದ್ದು ಈ ಎರಡು ಮಾತಿನ ಮೇಲೆ.

ಮರುದಿನ ಭಾನುವಾರ ಬೇಗಾರಿನಲ್ಲಿ ಅವಳ ಅಣ್ಣ ತ್ರ್ಯಂಬಕ ಭಾವನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಬೆಳಗ್ಗೆ ನನ್ನ ತಟ್ಟೆಗೆ ಎರಡನೇ ದೋಸೆ ಹಾಕುತ್ತಾ ದೇವಕಿ ಮೆಲ್ಲಗೆ ಶುರುಮಾಡಿದಳು.

"ಭಾಷಣ ಚೆನ್ನಾಗಿತ್ತು ಮಾರಾಯ್ರೆ. ಇವತ್ತು ಹೋಗಿ ಬರುವ ತನಕ ಆ ಪದ ನಿಮ್ಮ ಬಾಯಲ್ಲಿ ಬರದಿದ್ದರೆ ನಾನು ಈ ಜನ್ಮದಲ್ಲಿ ಕುರ್ಚಿ ಸುದ್ದಿ ಎತ್ತುವುದಿಲ್ಲ."

"ಬಂದರೆ?"

"ಕುರ್ಚಿ ಅಟ್ಟಕ್ಕೆ."

ಒಪ್ಪಿದೆ. ಒಂದೇ ಒಂದು ಪದ, ಒಂದೇ ಒಂದು ದಿನ. ಅಜ್ಜನ ಆತ್ಮಕ್ಕೆ ಮನಸ್ಸಿನಲ್ಲೇ ಅಭಯ ಕೊಟ್ಟು ಹೊರಟೆ.

ಮೊದಲ ಪೆಟ್ಟು ಶೃಂಗೇರಿ ಬಸ್ಸಿನಲ್ಲೇ ಬಿತ್ತು. ದೇವಕಿಗೆ ಹೆಂಗಸರ ಸೀಟು ಸಿಕ್ಕಿತು. ನಾನು ಮೂವರು ಕೂತಿದ್ದ ಸೀಟಿನ ಪಕ್ಕ ನಿಂತು, ತುದಿಯಲ್ಲಿದ್ದ ದಢೂತಿ ಮನುಷ್ಯನಿಗೆ, ತಾವು ತುಸು ಅತ್ತ ಸರಿಯುವಿರಾ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಲ್ಲಿಗೆ ಸರಿಯೋದು ಮಾರಾಯ? ಕಿಟಕಿಯಿಂದ ಹೊರಗಾ?"

ಮುಂದಿನ ಸ್ಟಾಪಿನಲ್ಲಿ ಹತ್ತಿದವನೊಬ್ಬ ಯಾರ ಮುಖವನ್ನೂ ನೋಡದೆ ಚೂರು ಅಡ್ಜಸ್ಟ್ ಅಂದ. ಮೂವರೂ ಒಟ್ಟಿಗೆ ಉಸಿರು ಒಳಗೆಳೆದುಕೊಂಡರು, ಅವನು ಕೂತೇಬಿಟ್ಟ! ನಾನು ಶೃಂಗೇರಿಯ ತನಕ ಕಂಬಿ ಹಿಡಿದು ಕನ್ನಡದ ಕಾವಲು ಕಾದೆ. ದೇವಕಿ ತಿರುವು ತಿರುವಿಗೂ ಹಿಂದೆ ತಿರುಗಿ ನನ್ನ ಯೋಗಕ್ಷೇಮ ನೋಡುತ್ತಿದ್ದಳು.

ಬೇಗಾರಿನಲ್ಲಿ ಪೂಜೆ ಮುಗಿದು ಎಲೆ ಹಾಕಿದರು. ಮನೆಯ ಅಳಿಯ ಸುಮ್ಮನೆ ಕೂರುವಂತಿಲ್ಲವಲ್ಲ, ಪಂಕ್ತಿಯ ಉಸ್ತುವಾರಿ ನನಗೆ ಬಂತು. ಹೊಸ ಜಗಲಿಯಲ್ಲಿ ಗೋಡೆಯಿಂದ ಗೋಡೆಗೆ ನಲವತ್ತು ಎಲೆ. ಜೋಯಿಸರು ಮೊದಲ ಎಲೆಯಲ್ಲಿ. ಕೈಗೆ ನೀರು ಹಾಕಿಕೊಂಡು ಎಲ್ಲರೂ ಊಟ ಶುರುಮಾಡಿದರು. ಇಲ್ಲಿ ಒಂದು ಕಟ್ಟುಪಾಡು ಹೇಳಬೇಕು. ನಮ್ಮ ಕಡೆ ಊಟದ ನಡುವೆ ಒಬ್ಬರು ಎದ್ದರೆ ಪಂಕ್ತಿ ಎದ್ದ ಹಾಗೆ. ಉಳಿದವರೂ ಎಲೆ ಬಿಡಬೇಕು.

ಆಗಲೇ ಬಂದರು ಗೋದಾವರಿ ಅತ್ತೆ, ದೇವಕಿಯ ಸೋದರತ್ತೆ. ಎಂಬತ್ತು ವರ್ಷ, ಸಕ್ಕರೆ ಕಾಯಿಲೆ, ಎರಡನೇ ಪಂಕ್ತಿಯವರೆಗೆ ಕಾಯುವಂತಿಲ್ಲ. ಹಿಂದೊಂದು ಮದುವೆಯಲ್ಲಿ ಜಾಗ ಸಿಗದೆ ವಾಪಸಾದವರು ಏಳು ವರ್ಷ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಭಾವ ಅಡುಗೆಮನೆಯ ಬಾಗಿಲಿನಿಂದ ಕೈಮುಗಿದು ನನಗೆ ಸನ್ನೆ ಮಾಡಿದರು.

ಸಾಲಿನ ಮಧ್ಯೆ ಭಾವನ ನೆರೆಮನೆಯ ಕಮಲಕ್ಕ ಕೂತಿದ್ದರು. ಭಾರೀ ಆಳು. ಪಕ್ಕದಲ್ಲಿ ಸೊಸೆ. ನಾನು ಬಗ್ಗಿ, ನನ್ನ ಹನ್ನೊಂದರಲ್ಲಿ ಅತಿ ನಯವಾದದ್ದನ್ನು ಆರಿಸಿದೆ.

"ಕಮಲಕ್ಕ, ಸ್ವಲ್ಪ ಹೊಂದಿಕೊಂಡು ಹೋಗಬೇಕು."

ಕಮಲಕ್ಕನ ತುತ್ತು ಅರ್ಧಕ್ಕೆ ನಿಂತಿತು. "ಯಾರ ಜೊತೆ? ಇವಳ ಜೊತೆಯಾ? ನಮ್ಮ ಮನೆ ಸುದ್ದಿ ನಿಮಗೆ ಹೇಳಿದ್ದು ಯಾರು?"

ಸೊಸೆ, ನಾನಲ್ಲ ಎಂದು ತಲೆ ಆಡಿಸಿದಳು. ಗಾಬರಿಯಲ್ಲಿ ನನ್ನ ಬಾಯಿಂದ ಇನ್ನೊಂದು ಅಚ್ಚ ಕನ್ನಡ ಬಿತ್ತು.

"ಹಾಗಲ್ಲ. ಮೈ ಸ್ವಲ್ಪ ಕುಗ್ಗಿಸಿ ಅಂದೆ."

"ಅಂದರೆ ನಾನು ದಪ್ಪ."

ಪ್ರಶ್ನೆಯಲ್ಲ ಅದು, ತೀರ್ಪು. ಕಮಲಕ್ಕ ಎಡಗೈ ನೆಲಕ್ಕೂರಿದರು. ಎದ್ದೇಳಲು! ಅದನ್ನು ಕಂಡ ಜೋಯಿಸರು ಎಲೆಯಿಂದ ಕೈ ತೆಗೆದರು. ಸಾಲಿನುದ್ದಕ್ಕೂ ನಲವತ್ತು ಕೈಗಳು ಮೇಲೆದ್ದು ನಿಂತವು. ಹೋಳಿಗೆಯ ಹರಿವಾಣ ಹಿಡಿದು ಹೊರಬಂದ ಭಾವ ಬಾಗಿಲಲ್ಲೇ ಕಲ್ಲಾದರು. ಹೊಸ ಮನೆಯ ಮೊದಲ ಪಂಕ್ತಿ ಹೋಳಿಗೆ ಮುಟ್ಟದೆ ಏಳುವುದೆಂದರೆ ಮೂರು ತಾಲೂಕಿಗೆ ಮೂವತ್ತು ವರ್ಷದ ಸುದ್ದಿ.

ತುಪ್ಪದ ಗಿಂಡಿ ಹಿಡಿದ ದೇವಕಿ ನನ್ನನ್ನು ನೋಡಿದಳು. ಈ ಸಲ ಕಣ್ಣಲ್ಲಿ ನಗುವಿರಲಿಲ್ಲ. ಅವಳ ಅಣ್ಣನ ಮನೆ ಅದು.

ಅಜ್ಜಾ, ಕ್ಷಮಿಸು ಎಂದುಕೊಂಡೆ.

"ಕಮಲಕ್ಕ, ಎಲ್ಲರೂ, ಒಂಚೂರು ಅಡ್ಜಸ್ಟ್ ಮಾಡ್ಕೊಳ್ಳಿ."

"ಅಷ್ಟೇ ತಾನೇ? ಮೊದಲೇ ಹೇಳುವುದಲ್ಲವಾ?" ಕಮಲಕ್ಕ ಎಲೆಸಮೇತ ಸೊಸೆಯ ಕಡೆ ಜರುಗಿದರು. ಸೊಸೆ ಆಚೆಯವರ ಕಡೆ, ಅವರು ಅದರಾಚೆಯವರ ಕಡೆ, ಹೀಗೆ ಆ ತುದಿಯಲ್ಲಿ ಜೋಯಿಸರು ಮಂತ್ರಕ್ಕೆ ಸಿಕ್ಕವರಂತೆ ಗೋಡೆಗೆ ಅಂಟಿಕೊಂಡರು. ಅನ್ನ, ಪಲ್ಯ, ಕೋಸಂಬರಿ ಎಲ್ಲ ಸಾಲಾಗಿ ಮೆರವಣಿಗೆ ಹೊರಟವು. ನಡುವೆ ತೆರೆದ ಜಾಗದಲ್ಲಿ ಗೋದಾವರಿ ಅತ್ತೆ ಪಟ್ಟದ ರಾಣಿಯಂತೆ ಕೂತರು, ಸಕ್ಕರೆ ಕಾಯಿಲೆಯನ್ನು ಮರೆತು ಮೂರು ಹೋಳಿಗೆ ತಿಂದರು. ನಾನು ಹನ್ನೊಂದು ಮಾತಿನಲ್ಲಿ ಮಾಡಲಾಗದ್ದನ್ನು ಆ ಒಂದು ಪದ ಮಾಡಿತ್ತು. ಅದು ಯಾರಿಗೂ ಏನನ್ನೂ ನೇರವಾಗಿ ಹೇಳುವುದಿಲ್ಲ. ಅದಕ್ಕೇ ಯಾರಿಗೂ ಬೇಜಾರಾಗುವುದಿಲ್ಲ.

ಸಂಜೆ ಮನೆಗೆ ಬಂದು ಕುರ್ಚಿ ಎತ್ತಿದೆವು. ಅಜ್ಜ ಅಲ್ಲೂ ಸೋಲಲಿಲ್ಲ. ಕೈಗಳ ಉದ್ದಕ್ಕೆ ಅದು ಅಟ್ಟದ ಬಾಗಿಲಿನಲ್ಲಿ ತೂರಲೇ ಇಲ್ಲ! ಕೊನೆಗೆ ಹಿಂದಿನ ಜಗಲಿಗೆ ಗಡೀಪಾರು.

ಮರುದಿನ ಬೆಳಗ್ಗೆ ಪೇಪರು ಹುಡುಕುತ್ತಾ ಹಿಂದಕ್ಕೆ ಹೋದರೆ, ಎಳೆಬಿಸಿಲಿಗೆ ಕಾಲು ಚಾಚಿ, ಕಾಫಿ ಲೋಟ ಕುರ್ಚಿಯ ಕೈ ಮೇಲಿಟ್ಟು, ದೇವಕಿ ಪೇಪರು ಓದುತ್ತಿದ್ದಾಳೆ. ಹದಿನೈದು ವರ್ಷದಲ್ಲಿ ಮೊದಲ ಸಲ ಅದರಲ್ಲಿ ಕೂತದ್ದಂತೆ. ಇಷ್ಟು ಸುಖ ಉಂಟೆಂದು ಗೊತ್ತೇ ಇರಲಿಲ್ಲವಂತೆ.

"ಹಾಗಾದರೆ ನಾನು?" ಅಂದೆ.

ಅವಳು ಪೇಪರು ಕೆಳಗಿಳಿಸಲಿಲ್ಲ. "ಇಂಗ್ಲಿಷಿನಲ್ಲಿ ಹೇಳಲಾ, ಕನ್ನಡದಲ್ಲಿ ಹೇಳಲಾ?"

ಅಷ್ಟಾದರೂ ನನ್ನಲ್ಲಿ ಭಾಷಾಭಿಮಾನ ಚೂರು ಉಳಿದಿತ್ತು. ಎದೆ ಉಬ್ಬಿಸಿ, ಕನ್ನಡದಲ್ಲೇ ಹೇಳು ಎಂದೆ.

"ನಿಂತ್ಕೊಳ್ಳಿ."